ಬಾಗಿಲಿಗೆ ಕಟ್ಟಿದ ಕುಂಬಳಕಾಯಿಯ ಸೂಪು

ದ್ರಾಕ್ಷಾಯಿಣಿಯಮ್ಮನ ಅಡುಗೆಗೆ ಉಪ್ಪು ಕಮ್ಮಿ ಎಂದು ಹೇಳುವ ಧೈರ್ಯ ಮಾಡಿದವರು ಒಬ್ಬರೇ, ಹರಿಹರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ವೆಂಕಟೇಶಮೂರ್ತಿ. ಅದೂ ಒಂದೇ ಸಲ. ಆ ಶಾಲೆಯಲ್ಲಿ ಹದಿನೇಳು ವರ್ಷ ಬಿಸಿಯೂಟದ ಮುಖ್ಯ ಅಡುಗೆಯವರಾಗಿದ್ದ ದ್ರಾಕ್ಷಾಯಿಣಿಯಮ್ಮ ಆವತ್ತು ಉಪ್ಪಿನ ಡಬ್ಬಿಯನ್ನೇ ತಂದು ಅವರ ತಟ್ಟೆಯ ಪಕ್ಕದಲ್ಲಿ ಕುಕ್ಕಿದರು. ಎಂಟು ದಿನ ಮಾತು ಬಿಟ್ಟರು. ಆಮೇಲೆ ಸಾರು ಹೇಗಿದ್ದರೂ ಮೇಷ್ಟ್ರು "ಅಮೃತ, ಅಮೃತ" ಎಂದು ಕೈ ತೊಳೆದುಕೊಂಡು ಹೋಗುತ್ತಿದ್ದರಂತೆ.

ಊಟ ಮುಗಿದ ಮೇಲೆ ಆಕೆ ನಲ್ಲಿಯ ಹತ್ತಿರ ನಿಲ್ಲುತ್ತಿದ್ದರು. ಮುನ್ನೂರು ಮಕ್ಕಳು ತಟ್ಟೆ ತೊಳೆಯಲು ಬರುವಾಗ ಒಂದೊಂದು ತಟ್ಟೆಯ ಮೇಲೂ ಕಣ್ಣು. ಯಾರದಾದರೂ ತಟ್ಟೆಯಲ್ಲಿ ಅನ್ನ ಉಳಿದಿದ್ದರೆ ಆ ಮಗುವನ್ನು ಪಕ್ಕಕ್ಕೆ ಕರೆದು ಹಣೆ ಮುಟ್ಟಿ ನೋಡಬೇಕು, ಮನೆಯಲ್ಲಿ ಏನಾಯಿತು ಎಂದು ಕೇಳಬೇಕು. ಊಟ ಬಿಡುವ ಮಗುವಿಗೆ ಮೈಯಲ್ಲೋ ಮನಸ್ಸಿನಲ್ಲೋ ಏನೋ ಆಗಿರುತ್ತದೆ ಎಂಬುದು ಅವರ ನಂಬಿಕೆ. ಓದಿದ್ದು ಏಳನೇ ಕ್ಲಾಸು. ಆದರೆ ಈ ಒಂದು ವಿಷಯದಲ್ಲಿ ಯಾವ ಡಾಕ್ಟರ ಮಾತನ್ನೂ ಕೇಳುವವರಲ್ಲ, ಹೆತ್ತ ಮಗಳೇ ಡಾಕ್ಟರಾಗಿದ್ದರೂ.

ಆ ಮಗಳು ನಿಸರ್ಗಾ. ದಾವಣಗೆರೆಯಲ್ಲಿ ಓದಿ, ಐರ್ಲೆಂಡಿನ ಡ್ರೋಹೆಡಾದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಅವಳನ್ನು ಮದುವೆಗೆ ಒಪ್ಪಿಸಿಯೇ ತೀರಬೇಕೆಂದು ದ್ರಾಕ್ಷಾಯಿಣಿಯಮ್ಮ ೨೦೨೦ರ ಫೆಬ್ರವರಿಯಲ್ಲಿ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಬಂದರು. ವಿಮಾನಗಳು ನಿಂತವು. ವೀಸಾ ಮುಂದಕ್ಕೆ ಹೋಯಿತು, ಮದುವೆಯ ಮಾತು ಅದಕ್ಕಿಂತ ಮುಂದಕ್ಕೆ ಹೋಯಿತು. ಮರುವರ್ಷದ ಜನವರಿಯಲ್ಲಿ ಮಗಳಿಗೇ ಕೊರೋನಾ ಬಂದು ಅವಳು ಮಹಡಿಯ ಕೋಣೆ ಸೇರಿದಾಗ ತಾಯಿ ಇನ್ನೂ ಅಲ್ಲೇ ಇದ್ದರು.

ಅಮ್ಮನ ಟೆಸ್ಟು ನೆಗೆಟಿವ್ ಬಂತು. ಹಾಗಾಗಿ ಕೋಣೆಯೊಳಗೆ ಕಾಲಿಡಬಾರದೆಂದು ಮಗಳ ಕಟ್ಟಪ್ಪಣೆ. ಮೆಟ್ಟಿಲಿನ ಮೇಲ್ತುದಿಯಲ್ಲಿ ತಟ್ಟೆ ಇಟ್ಟು ಕೆಳಗಿಳಿಯಬೇಕು, ಅರ್ಧ ಗಂಟೆ ಬಿಟ್ಟು ಕೈಗೆ ಗ್ಲೌಸು ಹಾಕಿಕೊಂಡು ತಟ್ಟೆ ತರಬೇಕು. ಮೊದಲ ದಿನ ತಟ್ಟೆ ಅರ್ಧ ಖಾಲಿಯಾಗಿತ್ತು. ಮೂರನೆಯ ದಿನದಿಂದ ಇಟ್ಟದ್ದು ಇಟ್ಟ ಹಾಗೇ ವಾಪಸ್ಸು. ತಿಳಿಸಾರು, ಗಂಜಿ, ರವೆ ಪಾಯಸ, ಎಲ್ಲದಕ್ಕೂ ಒಂದೇ ಗತಿ. "ಬಾಯಿಗೆ ರುಚಿನೂ ಇಲ್ಲ, ಮೂಗಿಗೆ ವಾಸ್ನೆನೂ ಇಲ್ಲಮ್ಮಾ. ಸಾರು ಗಂಟಲಲ್ಲಿ ಉರಿಯುತ್ತೆ ಅಷ್ಟೇ," ಎಂದು ಮಗಳು ಫೋನಿನಲ್ಲಿ ಪಿಸುಗುಟ್ಟಿದಳು. ಮುನ್ನೂರು ಮಕ್ಕಳ ತಟ್ಟೆ ಖಾಲಿ ಮಾಡಿಸಿದ ಹೆಂಗಸು ಒಂದು ತಟ್ಟೆಯ ಮುಂದೆ ಸೋತು ಕೂತರು.

ಆರನೆಯ ದಿನ ನಿಸರ್ಗಾಳ ಜೊತೆಗೆ ಕೆಲಸ ಮಾಡುವ ಡಾಕ್ಟರ್ ಸುಹಾಸ್ ಫೋನು ಮಾಡಿದ. "ಅಮ್ಮಾ, ಆಕ್ಸಿಜನ್ ತೊಂಬತ್ಮೂರು ಐತೆ. ಅದಕ್ಕಿಂತ ಕೆಳಗೆ ಹೋದ್ರೆ, ಇಲ್ಲ ನಾಳಿದ್ದರೊಳಗೆ ಅವಳು ಏನೂ ತಗೊಳ್ದೇ ಇದ್ರೆ, ನಾವು ಆಂಬುಲೆನ್ಸ್ ಕಳಿಸ್ತೀವಿ."

"ನಾನೂ ಜೊತೆಗೆ ಬರ್ತೀನಪ್ಪಾ."

"ಒಳಗೆ ಬಿಡಲ್ಲಮ್ಮಾ. ಯಾರನ್ನೂ ಬಿಡ್ತಿಲ್ಲ."

ಆಂಬುಲೆನ್ಸಿನಲ್ಲಿ ಹೋದವರಲ್ಲಿ ಎಷ್ಟು ಜನ ವಾಪಸ್ಸು ಬಂದರು ಎಂದು ಆಕೆ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅದೇ ಮಧ್ಯಾಹ್ನ ಬಾಗಿಲ ಗಂಟೆ ಹೊಡೆಯಿತು. ತೆರೆದರೆ ಹೊಸ್ತಿಲಾಚೆ ಒಂದು ಬೂದುಗುಂಬಳಕಾಯಿ ಕೂತಿತ್ತು! ಮೂರು ಕಿಲೋ ತೂಗುವಂಥದ್ದು, ಮೈತುಂಬ ಬೂದಿ. ಗೇಟಿನಾಚೆ ಪಕ್ಕದ ಮನೆಯ ಮಿಸೆಸ್ ಫಂಗ್ ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಎಪ್ಪತ್ತು ದಾಟಿದ ಚೀನೀ ಹೆಂಗಸು, ಪೇಟೆಯಲ್ಲಿ ಮೂವತ್ತು ವರ್ಷ ಟೇಕ್‌ಅವೇ ಹೋಟೆಲು ನಡೆಸಿದವರು. ಇಬ್ಬರ ನಡುವೆ ಕಾಂಪೌಂಡಿನ ಮೇಲಿಂದ ದೋಸೆಯೂ ಈರುಳ್ಳಿ ಸೊಪ್ಪೂ ಓಡಾಡಿದ್ದುಂಟು, ಮಾತು ಮಾತ್ರ ಹೆಚ್ಚಾಗಿ ಕೈಸನ್ನೆಯಲ್ಲೇ. "ಫಾರ್ ಡಾಕ್ಟರ್," ಎಂದು ಮಹಡಿಯ ಕಡೆ ಬೆರಳು ತೋರಿಸಿ ಫಂಗ್ ಹೊರಟುಹೋದರು.

ದ್ರಾಕ್ಷಾಯಿಣಿಯಮ್ಮನ ಕಣ್ಣು ತುಂಬಿ ಬಂತು. ಚೀನಾದವರಿಗೂ ಇದೆಲ್ಲ ಗೊತ್ತಲ್ಲ! ನಮ್ಮ ಕಡೆ ಮಜ್ಜಿಗೆಹುಳಿಗಾದರೆ ಹೋಳು ತರುತ್ತಾರೆ. ಕಾಯಿಲೆಯ ಮನೆಗೆ ಇಡೀ ಕಾಯಿ ಬಂತೆಂದರೆ ಅದಕ್ಕಿರುವುದು ಒಂದೇ ಕೆಲಸ, ಬಾಗಿಲಿಗೆ ಕಟ್ಟಿ ದೃಷ್ಟಿ ತಾಗದಂತೆ ಕಾಯುವುದು. ಆಕೆ ಕಾಯಿಗೆ ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಬಟ್ಟೆ ಒಣಹಾಕುವ ಹಗ್ಗದಿಂದ ಬಲೆ ಹೆಣೆದರು. ಬಾಗಿಲ ಪಕ್ಕದಲ್ಲಿ ಹೂಬುಟ್ಟಿ ತೂಗುಹಾಕುವ ಕಬ್ಬಿಣದ ಕೊಕ್ಕೆ ಇತ್ತು. ಅದಕ್ಕೆ ಕಟ್ಟಿ, ಮಗಳ ಕೋಣೆಯ ಕಿಟಕಿಯ ಕಡೆ ನೋಡಿ ಕೈ ಮುಗಿದರು.

ಮಾರನೆಯ ದಿನವೂ ಆಕ್ಸಿಜನ್ ತೊಂಬತ್ಮೂರೇ. ಇಳಿಯಲಿಲ್ಲ. ಕಾಯಿ ಕೆಲಸ ಮಾಡುತ್ತಿದೆ ಎಂದು ಆಕೆಗೆ ಖಾತ್ರಿಯಾಯಿತು. ಆದರೆ ತಟ್ಟೆ ಮಾತ್ರ ಹಾಗೇ ವಾಪಸ್ಸು ಬಂತು.

ಅದರ ಮರುದಿನ ಬೆಳಿಗ್ಗೆ ಯಾರೋ ಅಡುಗೆಮನೆಯ ಕಿಟಕಿ ಬಡಿದರು. ಮಿಸೆಸ್ ಫಂಗ್! ಬಾಗಿಲ ಕಡೆ ಕೈ ತೋರಿಸುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಗಾಳಿಯಲ್ಲಿ ಸೌಟು ತಿರುಗಿಸುತ್ತಾರೆ. "ಸೂಪ್! ಸೂಪ್!" ದ್ರಾಕ್ಷಾಯಿಣಿಯಮ್ಮ ಗಾಬರಿಯಾಗಿ ಮಗಳಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊರಗಿನಿಂದ ಫಂಗ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಆಚೆಯಿಂದ ಮಗಳ ಕೆಮ್ಮು, ಕೆಮ್ಮಿನ ನಡುವೆ ನಗು.

"ಅಮ್ಮಾ, ಅದು ದೃಷ್ಟಿಗಲ್ಲ ಕಣೇ. ಸೂಪ್ ಮಾಡೋಕೆ ಕೊಟ್ಟಿದ್ದು. ನಂಗೆ ನಗೋಕೂ ಉಸಿರಿಲ್ಲ, ನೀನು ನಗಿಸ್ಬೇಡ."

ಮಿಸೆಸ್ ಫಂಗ್ ಹಿತ್ತಲಿನ ಗಾಜಿನ ಮನೆಯಲ್ಲಿ ನಾಲ್ಕು ವರ್ಷ ಬಳ್ಳಿ ಹಬ್ಬಿಸಿ ಕಡೆಗೂ ಬಲಿತದ್ದು ಈ ಒಂದೇ ಕಾಯಿಯಂತೆ. ಬೀಜ ಅವರ ತಾಯಿಯ ಊರಿನದು. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಈ ಕಾಯಿಯ ಸೂಪೇ ಮೊದಲ ಊಟವಂತೆ. ಇನ್ನೊಂದು ತರೋಣವೆಂದರೆ ಅಂಗಡಿ ಇರುವುದು ಡಬ್ಲಿನ್ನಿನಲ್ಲಿ, ಲಾಕ್‌ಡೌನಿನಿಂದಾಗಿ ಮನೆಯಿಂದ ಐದು ಕಿಲೋಮೀಟರು ದಾಟುವ ಹಾಗಿರಲಿಲ್ಲ.

"ಕಟ್ಟಿದ್ ಕಾಯಿ ಕಣವ್ವಾ ಅದು," ಎಂದರು ದ್ರಾಕ್ಷಾಯಿಣಿಯಮ್ಮ. "ಮನೆ ಮೇಲೆ ಬಿದ್ದ ಕಣ್ಣೆಲ್ಲ ಅದರೊಳಗೆ ಹೋಗಿರ್ತೈತೆ. ಅದನ್ನ ತೆಗೆದು ಬೀದೀಲಿ ಒಡೀಬೇಕು. ನಿನಗೇ ಬೇಯ್ಸಿ ಹಾಕ್ಲಾ?"

"ಅವರು ಹೇಳೋದು ಕೇಳಿದ್ರೆ ಕುಡಿಬೇಕು ಅನ್ನಿಸ್ತಿದೆ ಅಮ್ಮಾ," ಎಂದಳು ಮಗಳು.

ಎಂಟು ದಿನದಲ್ಲಿ ಅವಳು ಇಂಥದ್ದು ಬೇಕು ಎಂದದ್ದು ಅದೇ ಮೊದಲು.

ದ್ರಾಕ್ಷಾಯಿಣಿಯಮ್ಮ ಹೊರಗೆ ಬಂದು ಕಾಯಿಯ ಕೆಳಗೆ ನಿಂತರು. ಬಿಚ್ಚಿದರೆ ಬಾಗಿಲಿಗೆ ಕಾವಲಿಲ್ಲ. ಬೇಯಿಸಿದರೆ ಒಳಗಿನ ವಿಷವೆಲ್ಲ ಮಗಳ ಹೊಟ್ಟೆಗೆ. ಬಿಟ್ಟರೆ ಇವತ್ತೇ ಆಂಬುಲೆನ್ಸು. ಎದುರಿಗೆ ರಸ್ತೆ ಖಾಲಿ ಬಿದ್ದಿತ್ತು, ಈ ತುದಿಯಿಂದ ಆ ತುದಿಯವರೆಗೆ ಒಂದು ನರಪಿಳ್ಳೆ ಇಲ್ಲ. ಹಾಗೆ ನೋಡುತ್ತ ನಿಂತವರಿಗೆ ಒಂದು ಯೋಚನೆ ಹೊಳೆಯಿತು. ಈ ಎರಡು ದಿನ ಈ ಕಾಯಿಯನ್ನು ನೋಡಿದವರಾದರೂ ಯಾರು? ಲಾಕ್‌ಡೌನಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದೆ. ಪೋಸ್ಟಿನವನು ಬಂದಿದ್ದ, ಅವನ ಕಣ್ಣು ಮೊಬೈಲಿನಲ್ಲಿತ್ತು. ಎದುರುಮನೆಯ ನಾಯಿ ಬಂದಿತ್ತು, ಅದಕ್ಕೆ ಯಾರ ಏಳಿಗೆಯ ಮೇಲೂ ಹೊಟ್ಟೆಕಿಚ್ಚಿಲ್ಲ. ಕಣ್ಣೇ ಬೀಳದ ಬೀದಿಯಲ್ಲಿ ದೃಷ್ಟಿ ಎಲ್ಲಿಂದ ತಾಗಬೇಕು? ವಕೀಲರಾಗಬೇಕಿದ್ದವರು ಅಡುಗೆಯವರಾದರು ಎಂದು ವೆಂಕಟೇಶಮೂರ್ತಿ ಸುಮ್ಮನೆ ಹೇಳುತ್ತಿರಲಿಲ್ಲ.

ವಾದ ಗೆದ್ದರೂ ಅಂಜಿಕೆ ಪೂರ್ತಿ ಹೋಗಲಿಲ್ಲ. ಆದರೂ ಹಗ್ಗ ಬಿಚ್ಚಿದರು.

ಕಾಯಿಯ ಅರಿಶಿನ ಕುಂಕುಮ ತೊಳೆದರು. ಇಡೀ ಕುಂಬಳಕಾಯಿಗೆ ಮೊದಲ ಪೆಟ್ಟು ಗಂಡಸರೇ ಹಾಕಬೇಕೆಂಬ ಶಾಸ್ತ್ರವೊಂದು ನೆನಪಾಯಿತು. ಗಂಡ ತೀರಿಕೊಂಡ ವರ್ಷವೇ ಸೌಟು ಹಿಡಿದ ಹೆಂಗಸು, ಅದನ್ನು ಅಲ್ಲಿಗೇ ಬಿಟ್ಟು ಕತ್ತಿ ಹಾಕಿದರು. ಫಂಗ್ ಕೋಟು ಹಾಕಿಕೊಂಡು ಕಿಟಕಿಯಾಚೆ ಚಳಿಯಲ್ಲೇ ನಿಂತು ಮೇಲುಸ್ತುವಾರಿ ನಡೆಸಿದರು. ಅವರ ಮನೆಯಲ್ಲಾದರೆ ಹಂದಿಯ ಎಲುಬು ಹಾಕುತ್ತಾರಂತೆ. ಇದು ಲಿಂಗ ಕಟ್ಟಿದವರ ಮನೆಯೆಂದು ನೆನಪಿಟ್ಟು ಒಣ ಅಣಬೆಯನ್ನೂ ಐದಾರು ಕೆಂಪು ಖರ್ಜೂರದಂಥ ಹಣ್ಣನ್ನೂ ಕಟ್ಟೆಯ ಮೇಲಿಟ್ಟರು. ಬೀಜ ತೆಗೆದು ಕಾಗದದ ಮೇಲೆ ಹರಡಿದ್ದಾಯಿತು. ದಪ್ಪ ಹೋಳು, ನೆನೆದ ಅಣಬೆ, ಆ ಕೆಂಪು ಹಣ್ಣು, ಜಜ್ಜಿದ ಶುಂಠಿ, ನೀರು, ಸಣ್ಣ ಉರಿ. ಅಷ್ಟೇ. ಅಭ್ಯಾಸಬಲದಿಂದ ದ್ರಾಕ್ಷಾಯಿಣಿಯಮ್ಮನ ಕೈ ಸಾಸಿವೆ ಡಬ್ಬಿಗೆ ಹೋಯಿತು. ಕಿಟಕಿಯ ಗಾಜಿಗೆ ಟಕಟಕ ಪೆಟ್ಟು ಬಿತ್ತು. ಒಗ್ಗರಣೆ ಇಲ್ಲದ ಅಡುಗೆ ಅವರ ಜನ್ಮದಲ್ಲೇ ಮೊದಲನೆಯದು. ಉಪ್ಪು ಹಾಕುವಾಗ ಫಂಗ್ ಎರಡು ಬೆರಳು ಜೋಡಿಸಿ ಇಷ್ಟೇ ಇಷ್ಟು ಎಂದು ತೋರಿಸಿದರು. ಅದನ್ನೂ ಹಲ್ಲು ಕಚ್ಚಿ ಒಪ್ಪಿಕೊಂಡರು.

ಹೋಳು ಬೆಂದು ಗಾಜಿನಂತೆ ತಿಳಿಯಾಯಿತು. ಒಂದು ಬಟ್ಟಲು ತುಂಬಿಸಿದರು. ಆದರೆ ಅದನ್ನು ಮೇಲಕ್ಕೆ ಒಯ್ಯಲಿಲ್ಲ. ಮೆಟ್ಟಿಲ ಕೆಳಗೆ ಕೂತು ತಾವೇ ಕುಡಿದರು, ಒಂದು ಹನಿ ಬಿಡದೆ. ಒಳಗೆ ಏನಾದರೂ ಇದ್ದರೆ ಅದು ತನಗಾಗಲಿ. ಗೋಡೆಯ ಗಡಿಯಾರ ನೋಡುತ್ತ ಅರ್ಧ ಗಂಟೆ ಕೂತರು. ಏನೂ ಆಗಲಿಲ್ಲ, ಎದೆ ಬೆಚ್ಚಗಾಯಿತು ಅಷ್ಟೇ. ಆಮೇಲೆ ಎರಡನೆಯ ಬಟ್ಟಲನ್ನು ಮೇಲೆ ಇಟ್ಟು ಬಂದರು.

ಆವತ್ತು ಅರ್ಧ ಬಟ್ಟಲು ವಾಪಸ್ಸು ಬಂತು. "ರುಚಿ ಗೊತ್ತಾಗ್ಲಿಲ್ಲಮ್ಮಾ. ಆದ್ರೆ ಗಂಟಲಲ್ಲಿ ಉರೀಲಿಲ್ಲ, ಹಾಗೇ ಇಳೀತು." ಸುಹಾಸನಿಗೆ ವಿಷಯ ತಿಳಿಸಿದಾಗ ಅವನು, "ಒಳ್ಳೇದಾಯ್ತಮ್ಮಾ! ಹಾಗಾದ್ರೆ ಇನ್ನೊಂದಿನ ನೋಡೋಣ," ಎಂದ. ಮಾರನೆಯ ದಿನ ಬಟ್ಟಲಿನಲ್ಲಿ ಎರಡೇ ಹೋಳು ಉಳಿದಿದ್ದವು, ಆಕ್ಸಿಜನ್ ತೊಂಬತ್ನಾಲ್ಕಾಗಿತ್ತು. ಅದರ ಮಾರನೆಯ ದಿನ ತೊಂಬತ್ತಾರು. ಕಾಯಿಯ ಉಳಿದ ಭಾಗ ಫ್ರಿಜ್ಜಿನಲ್ಲಿತ್ತು. ದಿನಕ್ಕೆ ಎರಡು ಸಲ ಸೂಪು ಬೆಂದಿತು. ಒಣಗಿದ ಬೀಜದಲ್ಲಿ ಅರ್ಧವನ್ನು ಫಂಗ್ ತೆಗೆದುಕೊಂಡರು, ಅರ್ಧವನ್ನು ಇಲ್ಲೇ ಬಿಟ್ಟರು. ಮುಂದಿನ ಬೇಸಿಗೆಗೆ ಎರಡು ಬಳ್ಳಿ ಎಂದು ಸನ್ನೆಯಲ್ಲೇ ತೀರ್ಮಾನವಾಯಿತು. ಒಂದು ಕಾಯಿ ಬಾಣಲೆಗೆ, ಒಂದು ಬಾಗಿಲಿಗೆ.

ಸೂಪು ಶುರುವಾದ ಐದನೆಯ ದಿನ ಮಧ್ಯಾಹ್ನ ದ್ರಾಕ್ಷಾಯಿಣಿಯಮ್ಮ ಬಟ್ಟಲಿಟ್ಟು ಕೆಳಗಿಳಿದು ಪಾತ್ರೆ ತೊಳೆಯುತ್ತಿದ್ದರು. ಮಹಡಿಯ ಬಾಗಿಲು ತೆರೆದ ಸದ್ದಾಯಿತು. ಫೋನಿನಲ್ಲಲ್ಲ, ನೇರವಾಗಿ ಮಗಳ ದನಿ ಮೆಟ್ಟಿಲಿಳಿದು ಬಂತು.

"ಅಮ್ಮಾ! ಇದಕ್ಕೆ ಉಪ್ಪು ಕಮ್ಮಿ ಆಗಿದೆ!"

ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಬಿತ್ತು. ನಾಲಿಗೆಗೆ ಉಪ್ಪು ಗೊತ್ತಾಯಿತು. ಅವಳ ನಾಲಿಗೆಗೆ ಉಪ್ಪು ಗೊತ್ತಾಯಿತು! ದ್ರಾಕ್ಷಾಯಿಣಿಯಮ್ಮ ಒದ್ದೆ ಕೈಯಲ್ಲೇ ಉಪ್ಪಿನ ಡಬ್ಬಿ ಎತ್ತಿಕೊಂಡು, ಮಂಡಿನೋವು ಮರೆತು ಮೆಟ್ಟಿಲು ಹತ್ತಿದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಬಟ್ಟಲಿನ ಪಕ್ಕಕ್ಕೆ ಡಬ್ಬಿಯನ್ನು ಇಟ್ಟರು. ಈ ಸಲ ಕುಕ್ಕಲಿಲ್ಲ.

"ಹಾಕ್ಕೋ ತಾಯಿ," ಎಂದರು, "ಎಷ್ಟು ಬೇಕೋ ಅಷ್ಟು ಹಾಕ್ಕೋ."