ಬಸಮ್ಮನ ಬಿದಿರು ಬಿಲ್ಲು

ಆನೇಕಲ್ ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳು ತಿರುಗುವ ಮೂಲೆಯ ಹತ್ತಿರ ಬಸಮ್ಮನವರ ಮನೆ. ಕೆಳಗೆ ಅವರು ಮತ್ತು ಅವರ ಯಜಮಾನರು ಲಕ್ಷ್ಮಯ್ಯ. ಮೇಲೆ ಬಾಡಿಗೆಗೆ ನಾನು. ಅಲ್ಲಿಗೆ ನಾನು ಬಂದದ್ದು 2011ರಲ್ಲಿ. ಮೊದಮೊದಲು ನನಗೆ ಬಸಮ್ಮನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅರವತ್ತೇಳು ವರ್ಷ, ಬೆಳಗ್ಗೆ ಐದಕ್ಕೇ ನೀರಿನ ಮೋಟಾರ್ ಹಾಕುತ್ತಾರೆ, ಟೆರೇಸಿನಲ್ಲಿ ನಿಂತು ಮಾತಾಡಿದರೆ ಬಸ್ ಸ್ಟಾಪಿಗೆ ಕೇಳಿಸುತ್ತದೆ. ಅವರಿಗೆ ಬಿಲ್ಲು ಹಿಡಿಯಲು ಬರುತ್ತದೆಂದು ತಿಳಿದದ್ದು ಪಕ್ಕದ ಖಾಲಿ ಸೈಟಿಗೆ ಭಾನುಪ್ರಕಾಶ್ ಬಂದ ಮೇಲೆ.

ಭಾನುಪ್ರಕಾಶ್ ಬಿಲ್ಲುವಿದ್ಯೆ ಕಲಿಸುವ ಮೇಷ್ಟ್ರು. ಸೈಟಿನ ಸುತ್ತ ಬಲೆ ಕಟ್ಟಿ, ಹುಲ್ಲಿನ ದಪ್ಪ ಹಲಗೆಗಳ ಮೇಲೆ ಬಣ್ಣದ ಸುತ್ತುಗಳ ಕಾಗದ ಅಂಟಿಸಿ, ಭಾನುವಾರ ಬೆಳಗ್ಗೆ ಕ್ಲಾಸು ಶುರುಮಾಡಿದ್ದ. ಅಪಾರ್ಟ್‌ಮೆಂಟುಗಳ ಮಕ್ಕಳು, ನಾಲ್ಕಾರು ಇಂಜಿನಿಯರುಗಳು ಬರುತ್ತಿದ್ದರು. ಬಸಮ್ಮ ಕಾಂಪೌಂಡಿನ ಈಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ನೋಡುತ್ತಿದ್ದರು. ಮೂರನೇ ವಾರ ಒಬ್ಬ ಹುಡುಗ ಬಾಣ ಹಿಡಿದದ್ದು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಏ, ಬಾಣದ ಕುತ್ಗೆ ಇಸುಕ್ತಾ ಇದ್ದೀಯಲ್ಲಪ್ಪ! ಬೆರಳು ಸಡ್ಲ ಮಾಡು. ನೀನು ಬಿಡೋದಲ್ಲ, ತಾನಾಗೇ ಓಗ್ಬೇಕು ಅದು."

ಭಾನುಪ್ರಕಾಶ್ ತಿರುಗಿ ನೋಡಿದ. "ನಿಮ್ಗೆ ಇದೆಲ್ಲ ಹೆಂಗೆ ಗೊತ್ತು ಅಜ್ಜಿ?"

"ನಿಮ್ಮಪ್ಪ ಉಟ್ಟೋಕ್ ಮುಂಚೇನೇ ಮೊಲ ಒಡ್ದಿದೀನಿ ಕಣಪ್ಪ."

ಆ ಕಥೆಯನ್ನು ಅವತ್ತು ಗೋಡೆಯ ಈಚೆ ನಿಂತೇ ಹೇಳಿದರು. ಆಮೇಲೆ ನಾನೂ ಎಷ್ಟೋ ಸಲ ಕೇಳಿದ್ದೇನೆ.

ಅವರ ಅಪ್ಪ ಚಿಕ್ಕಬೈರಪ್ಪ ಊರಿಗೆಲ್ಲ ಹೆಸರಾದ ಬಿಲ್ಲುಗಾರ, ಅಷ್ಟೇ ಹೆಸರಾದ ನಿದ್ದೆಗಾರ. ಮಧ್ಯಾಹ್ನ ಮುದ್ದೆ ಉಂಡು ಹೊಂಗೆಮರದ ಕೆಳಗೆ ಮಲಗಿದರೆ ಕಡಲೆಕಾಯಿ ಹೊಲ ಕಾಯುವವರು ಯಾರು? ಅದಕ್ಕೇ ಮಗಳ ಎತ್ತರಕ್ಕೆ ತಕ್ಕಂತೆ ಒಂದು ಬಿದಿರು ಬಿಲ್ಲು ಮಾಡಿ, ಗುರಿ ಹಿಡಿಯುವುದನ್ನು ಕಲಿಸಿ, ತಾನು ಗೊರಕೆ ಹೊಡೆದ. ಹನ್ನೆರಡು ತುಂಬುವಷ್ಟರಲ್ಲಿ ಬಸಮ್ಮ ಓಡುವ ಹೆಗ್ಗಣಕ್ಕೂ ಬಾಣ ನಾಟಿಸುತ್ತಿದ್ದರು.

ಯುಗಾದಿಯ ಮರುದಿನ, ಹೊಸತೊಡಕಿಗೆ, ಊರ ಗಂಡಸರೆಲ್ಲ ಬೇಟೆಗೆ ಹೋಗುವುದು ಆಗಿನ ರೂಢಿ. ಹೆಣ್ಣುಮಕ್ಕಳು ಮನೆಯಲ್ಲಿ ಮಸಾಲೆ ಅರೆದುಕೊಂಡು ಕಾಯಬೇಕು. ಬಸಮ್ಮನಿಗೆ ಹದಿಮೂರಾದ ವರ್ಷ ಅವರು ಒರಳುಕಲ್ಲು ಬಿಟ್ಟು, ಬಿಲ್ಲು ತೆಗೆದುಕೊಂಡು, ಗಂಡಸರ ಹಿಂದೆ ಅಷ್ಟು ದೂರದಲ್ಲಿ ಬಗ್ಗಿಕೊಂಡು ಹೋದರು. ಬೆಳಗಿನಿಂದ ನಲವತ್ತು ಜನ ಪೊದೆ ಪೊದೆ ಬಡಿದರೂ ಏನೂ ಸಿಕ್ಕಿರಲಿಲ್ಲ. ಬಿಸಿಲೇರಿದ ಮೇಲೆ ಒಂದೇ ಒಂದು ಮೊಲ ಎದ್ದಿತು. ಬಲೆಯಿಂದ ನುಸುಳಿತು, ನಾಯಿಗಳನ್ನು ದಾಟಿತು, ಎಲ್ಲರ ಬಾಣ ತಪ್ಪಿಸಿಕೊಂಡು ನೇರವಾಗಿ ಬಸಮ್ಮ ಅಡಗಿದ್ದ ಲಂಟಾನ ಪೊದೆಯ ಕಡೆಗೇ ಬಂತು. ಅವರು ಎದ್ದು ನಿಂತು ಹೊಡೆದರು. ಅಷ್ಟೇ.

ತೊಂದರೆ ಶುರುವಾದದ್ದು ಆಮೇಲೆ. ಹೊಡೆದವರಿಗೆ ಬೇಟೆಯ ತಲೆ, ಉಳಿದದ್ದು ಊರಿಗೆ ಪಾಲು, ಇದು ಪದ್ಧತಿ. ಹುಡುಗಿಗೆ ತಲೆ ಕೊಡುವುದುಂಟೆ ಎಂದು ಅರ್ಧ ಜನ. ಕೊಡದಿದ್ದರೆ ಮುಂದಿನ ವರ್ಷ ಬೇಟೆಯೇ ಸಿಗುವುದಿಲ್ಲ ಎಂದು ಇನ್ನರ್ಧ. ಚಿಕ್ಕಬೈರಪ್ಪ ಮಗಳನ್ನು ಬೈಯಬೇಕೋ ಮೀಸೆ ತಿರುವಬೇಕೋ ತಿಳಿಯದೆ ನಿಂತಿದ್ದ. ಕೊನೆಗೆ ಹಿರಿಯರಾದ ವೆಂಕಟರಮಣಪ್ಪ ಕೈಯೆತ್ತಿದರು.

"ಒಡ್ದೋರ್ಗೆ ತಲೆ ಅಂತ ನಮ್ಮ ತಾತ ಏಳಿದ್ದು. ಗಂಡಸ್ರಿಗೆ ತಲೆ ಅಂತ ಏಳಿದ್ದು ನಾನಂತೂ ಕೇಳಿಲ್ಲ. ಕೊಡ್ರೋ."

ನಲವತ್ತು ಮನೆಗೆ ಒಂದು ಮೊಲ. ಒಬ್ಬೊಬ್ಬರಿಗೆ ಅಡಿಕೆ ಗಾತ್ರದ ತುಂಡು ಬಂತಂತೆ. "ನಮ್ಮನೇಲಿ ಮಾತ್ರ ತಲೆ ಸಾರು!" ಎಂದು ಬಸಮ್ಮ ಈಗಲೂ ತೊಡೆ ತಟ್ಟಿಕೊಂಡು ನಗುತ್ತಾರೆ.

ಹದಿನೆಂಟಕ್ಕೆ ಲಕ್ಷ್ಮಯ್ಯನವರ ಜೊತೆ ಮದುವೆಯಾಯಿತು. ಬಿಲ್ಲು ತವರಲ್ಲೇ ಉಳಿದು ಗೆದ್ದಲು ಹಿಡಿಯಿತು. ಬೇಟೆ ಕೂಡದೆಂಬ ಕಾನೂನು ಬಂತು, ಕಂಪನಿಗಳು ಬಂದು ಪೊದೆಗಳೂ ಹೋದವು. ಅದಕ್ಕೆ ಅವರು ಹಲುಬಿದವರಲ್ಲ. "ತಿನ್ನೋಕೆ ಕೋಳಿ ಐತಲ್ಲ. ಬಾಣ ಓಗೋ ಆ ಸದ್ದು ಐತಲ್ಲ, ಅದು ಮಾತ್ರ ಬೇಕು ಅನ್ನುಸ್ತಿತ್ತು," ಎಂದಿದ್ದರು ನನಗೆ ಒಮ್ಮೆ.

ಕಥೆ ಕೇಳಿದ ಭಾನುಪ್ರಕಾಶ್ ಅವರನ್ನು ಒಳಗೆ ಕರೆದು ತನ್ನ ಬಿಲ್ಲು ಕೊಟ್ಟ. ಬಸಮ್ಮ ಸೆರಗು ಸಿಕ್ಕಿಸಿ ಎಳೆದರು. ಹೆದೆ ಒಂದು ಗೇಣು ಬಂತು, ಅದರಾಚೆ ಬರಲಿಲ್ಲ, ಬಾಣ ಅವರ ಕಾಲ ಬಳಿಯೇ ಬಿತ್ತು. ಮಕ್ಕಳು ನಕ್ಕರು. ಅವರೂ ನಕ್ಕರು. ಆದರೆ ಅವತ್ತು ಮಧ್ಯಾಹ್ನ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದರಂತೆ. ಲಕ್ಷ್ಮಯ್ಯ, "ಯಾಕ್ ಬೇಕಿತ್ತು ಈ ವಯಸ್ಸಲ್ಲಿ?" ಎಂದದ್ದೇ ತಪ್ಪಾಯಿತು. ಮರುದಿನವೇ ಬಸಮ್ಮ ಅವರನ್ನೂ ಹೊರಡಿಸಿಕೊಂಡು ಆನೇಕಲ್ ಬಸ್ಸು ಹತ್ತಿದರು.

ಬಿದಿರಿನ ಅಂಗಡಿಯವನು ಕೇಳಿದನಂತೆ, "ಏಣಿಗಾ ಅಜ್ಜಿ, ಚಪ್ಪರಕ್ಕಾ?"

"ಬಿಲ್ಲಿಗೆ."

ಅವನು ಲಕ್ಷ್ಮಯ್ಯನ ಮುಖ ನೋಡಿದ. ಲಕ್ಷ್ಮಯ್ಯ ಆಕಾಶ ನೋಡಿದರು.

ಎರಡು ತಿಂಗಳು ಮನೆಯ ವರಾಂಡ ಕಾರ್ಖಾನೆಯಾಯಿತು. ಬಿದಿರು ಸೀಳಿ, ಒಣಗಿಸಿ, ಬೆಂಕಿಗೆ ಹಿಡಿದು ಬಗ್ಗಿಸಿ, ಕತ್ತಾಳೆ ನಾರು ಹೊಸೆದು ಹೆದೆ ಮಾಡಿದರು. ಮೊದಲನೆಯ ಬಿಲ್ಲು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದು ಅವರ ಮುದಿ ತೋಳಿಗೆ ತಕ್ಕಷ್ಟೇ ಬಾಗಿತು. ಅದನ್ನು ಹಿಡಿದು ದಿನಾ ಬೆಳಗ್ಗೆ ಪಕ್ಕದ ಸೈಟಿನ ಹಲಗೆಗೆ ಹೊಡೆದರು. ಬಾಣ ಆರಿಸಿ ತರುವ ಕೆಲಸ ಲಕ್ಷ್ಮಯ್ಯನದು.

ಮರುವರ್ಷ ಭಾನುಪ್ರಕಾಶ್ ಅದೇ ಸೈಟಿನಲ್ಲಿ ಸ್ಪರ್ಧೆ ಇಟ್ಟಾಗ ದೊಡ್ಡವರ ವಿಭಾಗದಲ್ಲಿ ಒಂಬತ್ತು ಹೆಸರು; ಕೊನೆಯದು ಬಸಮ್ಮನದು. ಹೊರಗಿನಿಂದ ಬಂದಿದ್ದ ತೀರ್ಪುಗಾರ್ತಿ ಅವರ ಪಾದ ನೋಡಿ, "ಶೂ ಕಡ್ಡಾಯ ಅಮ್ಮ," ಎಂದರು. ನಾನು ನನ್ನದನ್ನು ಬಿಚ್ಚಿ ಕೊಟ್ಟೆ. ಒಂದು ಸೈಜು ದೊಡ್ಡದು. ಒಳಗೆ ಪೇಪರ್ ತುರುಕಿ ಹಾಕಿಕೊಂಡರು.

ಒಬ್ಬೊಬ್ಬರಿಗೆ ಹದಿನೆಂಟು ಬಾಣ. ಅವರ ಮೊದಲ ಎರಡು ಹಲಗೆಯನ್ನೇ ಮುಟ್ಟಲಿಲ್ಲ. "ಈ ಬೂಟು ನೆಲ ಮುಟ್ಟೋಕೇ ಬಿಡಲ್ಲ," ಎಂದು ಗೊಣಗಿ, ಕಾಲು ಅಗಲಿಸಿ ಊರಿ ನಿಂತರು. ಮೂರನೆಯದು ನೀಲಿಗೆ, ನಾಲ್ಕನೆಯದು ಕೆಂಪಿಗೆ. ಐದನೆಯದು ನಟ್ಟನಡುವಿನ ಹಳದಿಗೆ ನೆಟ್ಟಾಗ ಲಕ್ಷ್ಮಯ್ಯ ಗೋಡೆಯ ಮೇಲಿಂದ, "ಅಂಗೆ ಒಡಿ ಬಸಿ!" ಎಂದು ಕೂಗಿಬಿಟ್ಟರು. ಐವತ್ತು ವರ್ಷದಲ್ಲಿ ಜನರ ಮುಂದೆ ಹೆಂಡತಿಯನ್ನು ಆ ಹೆಸರಿನಿಂದ ಅವರು ಕರೆದದ್ದು ಅದೇ ಮೊದಲಂತೆ.

ಬಸಮ್ಮ ಮೂರನೆಯವರಾದರು. ಒಂದು ಸರ್ಟಿಫಿಕೇಟು, ಒಂದು ಸ್ಟೀಲ್ ನೀರಿನ ಬಾಟಲಿ ಬಂತು. ನಾಲ್ಕನೆಯವನಾದ ಇಂಜಿನಿಯರ್ ಅವರ ಬಿಲ್ಲನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, "ನಂಗೂ ಒಂದು ಮಾಡ್ಕೊಡ್ತೀರಾ ಅಜ್ಜಿ?" ಎಂದ.

"ಮಾಡ್ಕೊಡಲ್ಲ," ಎಂದರು ಬಸಮ್ಮ. "ಭಾನ್ವಾರ ಮಚ್ಚು ತಗೊಂಡ್ ಬಾ, ಏಳ್ಕೊಡ್ತೀನಿ."

ಮುಂದಿನ ಭಾನುವಾರ ನಾನು ಟೆರೇಸಿನಿಂದ ಬಗ್ಗಿ ನೋಡಿದಾಗ ವರಾಂಡದಲ್ಲಿ ಆರು ಜನ ಇಂಜಿನಿಯರುಗಳು ಬಿದಿರು ಸೀಳುತ್ತಿದ್ದರು. ಲಕ್ಷ್ಮಯ್ಯ ಒಬ್ಬೊಬ್ಬರ ಬೆರಳಿಗೂ ಬ್ಯಾಂಡೇಜು ಸುತ್ತುತ್ತಿದ್ದರು.