ನನ್ನ ತಮ್ಮ ಅಳದೇ ಇದ್ದ ನಲವತ್ತೊಂಬತ್ತು ದಿನ

ನನ್ನ ಕೊನೆಯ ತಮ್ಮನಿಗೆ ಐದು ತುಂಬಿದ ವರ್ಷ ಅವನನ್ನು ನಮ್ಮ ದೊಡ್ಡಪ್ಪನಿಗೆ ದತ್ತು ಕೊಟ್ಟರು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಯಲ್ಲಿ ನಾವು ಮೂವರು. ನನಗೆ ಹದಿನೈದು, ದೊಡ್ಡ ತಮ್ಮನಿಗೆ ಹನ್ನೊಂದು, ಆಮೇಲೆ ಇವನು. ಹಿರಿಯ ಗಂಡುಮಗನನ್ನು ಕೊಡುವಂತಿರಲಿಲ್ಲ, ಹೆಣ್ಣನ್ನು ಕೇಳುವವರಿರಲಿಲ್ಲ. ಹಾಗಾಗಿ ಯಾರನ್ನು ಕೊಡುವುದು ಎಂಬ ಪ್ರಶ್ನೆಯೇ ಏಳಲಿಲ್ಲ.

ಅಜ್ಜಿ ನಿಶ್ಚಯ ಮಾಡಿದಳು, ಅಪ್ಪ ತಲೆಯಾಡಿಸಿದರು. ಅಮ್ಮ ಒಂದೇ ಒಂದು ಮಾತು ಕೇಳಿದಳು. "ಮಗು ಅಲ್ಲಿ ಹೊಂದಿಕೊಳ್ಳದೇ ಹೋದರೆ?"

"ಹೊಂದಿಕೊಳ್ಳದೆ ಏನು? ಮಕ್ಕಳಿಗೆ ಮರೆಯೋಕೆ ಒಂದು ತಿಂಗಳು ಬೇಕಾ?" ಎಂದಳು ಅಜ್ಜಿ.

ದೊಡ್ಡಪ್ಪ ಒಳ್ಳೆಯವರು. "ಶ್ರಾವಣದ ತನಕ ನಮ್ಮನೇಲಿ ಇರ್ಲಿ. ಅಲ್ಲೀವರೆಗೂ ಅಳ್ತಾನೇ ಇದ್ರೆ ನಾನೇ ಕರ್ಕೊಂಡು ಬಂದು ನಿನ್ನ ಮಡಿಲಿಗೆ ಹಾಕಿ ಹೋಗ್ತೀನಮ್ಮ. ಶಾಸ್ತ್ರ ಆಗೋವರೆಗೂ ಅವನು ನಿನ್ನ ಮಗನೇ" ಎಂದರು. ಒಂದೇ ಷರತ್ತೆಂದರೆ ಅಲ್ಲಿಯವರೆಗೆ ಅಮ್ಮ ಹೋಗಿ ನೋಡುವಂತಿಲ್ಲ. ನೋಡಿದರೆ ಯಾವ ಮಗುವೂ ಹೊಂದಿಕೊಳ್ಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಅಮ್ಮನೂ ಒಪ್ಪಿದಳು. ಭಾನುವಾರ ಭಾನುವಾರ ನಾನು ಹೋಗಿಬರುವುದೆಂದು ಆಯಿತು.

"ಇವಳು ಹೇಗೂ ಮನೆಗೆ ಹಾಲೆಷ್ಟು ಬಂತು, ಗೋಡೆ ಮೇಲೆ ಕಾಗೆ ಎಷ್ಟು ಕೂತಿತ್ತು ಎಲ್ಲಾ ಬರೀತಾಳಲ್ಲ, ಇದನ್ನೂ ಬರೀಲಿ. ಶ್ರಾವಣದಲ್ಲಿ ಇವಳ ಪುಸ್ತಕ ತೆಗೆದು ನೋಡೋಣ" ಎಂದು ದೊಡ್ಡಪ್ಪ ನಕ್ಕರು.

ಮರುದಿನ ನನ್ನ ತಲೆ ಬಾಚುತ್ತ ಅಮ್ಮ ಹೇಳಿದಳು. "ಇದ್ದದ್ದು ಇದ್ದ ಹಾಗೆ ಬರಿ. ನನಗೋಸ್ಕರ ಒಂದು ಜಾಸ್ತಿ ಬರೀಬೇಡ. ಅವರಿಗೋಸ್ಕರ ಒಂದು ಕಡಿಮೆ ಬರೀಬೇಡ."

ಅವನನ್ನು ಕರೆದುಕೊಂಡು ಹೋದದ್ದು ಐವತ್ತೊಂಬತ್ತನೇ ಇಸವಿ ಜೂನ್ ಏಳು, ಭಾನುವಾರ. ನಾವಿದ್ದದ್ದು ಬೆಂಗಳೂರಿನ ಶ್ರೀನಗರದ ಬಾಡಿಗೆ ಮನೆಯಲ್ಲಿ. ದೊಡ್ಡಪ್ಪ ಜಯನಗರದಲ್ಲಿ ಹೊಸ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಅವರ ಬೀದಿಯಲ್ಲಿ ಆಗ ಆರು ಮನೆ, ಉಳಿದದ್ದು ನಂಬರು ಬರೆದ ಕಲ್ಲು ನೆಟ್ಟ ಖಾಲಿ ನಿವೇಶನಗಳು, ಅದರಾಚೆ ರಾಗಿ ಹೊಲ. ನಡೆದರೆ ನಮ್ಮ ಮನೆಯಿಂದ ಐವತ್ತು ನಿಮಿಷ. ಹೊರಡುವ ಮುಂಚೆ ತಮ್ಮನಿಗೆ ಅಜ್ಜಿ ಪಾಠ ಹೇಳಿದಳು. ಇನ್ನು ಮೇಲೆ ದೊಡ್ಡಮ್ಮನನ್ನು ಅಮ್ಮ ಅನ್ನಬೇಕು, ಅಮ್ಮನನ್ನು ಚಿಕ್ಕಮ್ಮ ಅನ್ನಬೇಕು. ಅವನು ಎರಡು ಸಲ ತಪ್ಪಿದ, ಮೂರನೇ ಸಲ ಸರಿಯಾಗಿ ಹೇಳಿ ಶಹಭಾಸ್ ಅನ್ನಿಸಿಕೊಂಡ.

ಪುಸ್ತಕದಲ್ಲಿ ನಾನು ಮೂರು ಗೀಟು ಎಳೆದು ಮೂರು ಕಲಂ ಮಾಡಿದ್ದೆ. ಅತ್ತದ್ದು, ಅಮ್ಮನನ್ನು ಕೇಳಿದ್ದು, ಊಟ ಬಿಟ್ಟದ್ದು. ವಾರದ ದಿನಗಳ ಲೆಕ್ಕ ದೊಡ್ಡಮ್ಮ ಕೊಡಬೇಕಿತ್ತು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕುತ್ತಿದ್ದಳು, ವಾರವಾದ ಮೇಲೆ ಒರೆಸುತ್ತಿದ್ದಳು. ನಾನು ಹೋದಾಗ ಬಾಗಿಲು ಸರಿಸಿ ತೋರಿಸುತ್ತಿದ್ದಳು.

"ಬಂದ್ಲು ನೋಡೇ ಇನ್‌ಸ್ಪೆಕ್ಟರು" ಎನ್ನುತ್ತಿದ್ದರು ದೊಡ್ಡಪ್ಪ. "ಕಾಫಿ ಕೊಡು ಮೊದಲು, ಇಲ್ದಿದ್ರೆ ನಿನ್ನ ಮೇಲೆ ರಿಪೋರ್ಟ್ ಬರೀತಾಳೆ."

ದೊಡ್ಡಮ್ಮ ಮೋಸ ಮಾಡುವವಳಲ್ಲ. ಮೊದಲ ವಾರ ಅತ್ತದ್ದು ಮೂವತ್ತೊಂದು ಸಲ. ಎರಡನೇ ವಾರ ಮೂವತ್ನಾಲ್ಕು. ಆ ಗೀಟುಗಳನ್ನು ಎಣಿಸುವಾಗ ಅವಳ ಮುಖವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹದಿನೆಂಟು ವರ್ಷ ಕಾದು, ಕೊನೆಗೆ ಮಡಿಲಿಗೆ ಬಂದ ಮಗು ತನ್ನನ್ನು ಕಂಡು ಅಳುವುದನ್ನು ತಾನೇ ಗೀಟು ಹಾಕಿ ಇಡಬೇಕಿತ್ತು. ಮನೆಗೆ ಬಂದು ಅಮ್ಮನಿಗೆ ಮೂವತ್ನಾಲ್ಕು ಎಂದಾಗ ಅಮ್ಮನ ಮುಖ ಅರಳಿತು. ಮರುಕ್ಷಣ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಗು ಅಳುತ್ತಿದೆಯೆಂದು ಸಂತೋಷಪಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಗಿರಬೇಕು.

ಮೂರನೇ ಭಾನುವಾರ, ಜೂನ್ ಇಪ್ಪತ್ತೆಂಟು. ವಾರದ ಲೆಕ್ಕ ಇಪ್ಪತ್ತೇಳು. ನಾನು ಹೊರಡುವಾಗ ಅವನು ಲಂಗ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ದೊಡ್ಡಮ್ಮ ಒಂದೊಂದೇ ಬೆರಳು ಬಿಡಿಸಿದಳು, ಬಿಡಿಸಿದವು ಮತ್ತೆ ಹಿಡಿದುಕೊಂಡವು. ಬಿಕ್ಕಿ ಬಿಕ್ಕಿ ಅವನಿಗೆ ಉಸಿರು ಸಿಕ್ಕುತ್ತಿರಲಿಲ್ಲ. ನನಗೆ ಅಲ್ಲಿಂದ ಹೇಗಾದರೂ ಹೊರಟರೆ ಸಾಕಾಗಿತ್ತು. ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ. "ಅಳಬೇಡ ಮರಿ. ನೀನು ಒಂಚೂರೂ ಅಳದೆ ಜಾಣನಾಗಿದ್ರೆ ಬೇಗ ಮನೆಗೆ ಕರ್ಕೊಂಡು ಹೋಗ್ತೀನಿ."

ಅಳುವ ಮಗುವಿಗೆ ಯಾರಾದರೂ ಹೇಳುವ ಮಾತು. ಅವನು ಬೆರಳು ಬಿಟ್ಟ. ನಾನು ಹೊರಟೆ. ಸೌತ್ ಎಂಡ್ ಸರ್ಕಲ್ ಮುಟ್ಟುವಷ್ಟರಲ್ಲಿ ಆ ಮಾತು ಮರೆತೂ ಹೋಗಿತ್ತು. ಆ ದಿನದ ಪುಟದಲ್ಲಿ ಅದನ್ನು ಬರೆದಿಲ್ಲ.

ಜುಲೈ ಐದರಂದು ದೊಡ್ಡಮ್ಮ ಬಾಗಿಲು ಸರಿಸಿದಾಗ ಮೂರೇ ಗೀಟು, ಮೂರೂ ಹಿಂದಿನ ಭಾನುವಾರ ನಾನು ಹೊರಡುವ ಮುಂಚಿನವು. ಹನ್ನೆರಡರಂದು ಒಂದೂ ಇಲ್ಲ. ಅವಳು ಖಾಲಿ ಗೋಡೆಯನ್ನು ಕೈಯಿಂದ ಸವರಿ ಸವರಿ ತೋರಿಸಿದಳು. "ನಾನೇನೂ ಅಳಿಸಿಲ್ಲ ಕಣೇ, ನೋಡು, ದೇವರಾಣೆ" ಎಂದಳು. ನಾನು ಸೊನ್ನೆ ಬರೆದೆ. ಅಮ್ಮನನ್ನು ಕೇಳಿದ್ದು, ಅಲ್ಲೂ ಸೊನ್ನೆ. ಊಟ ಬಿಟ್ಟದ್ದು ಎಂಬ ಮೂರನೇ ಕಲಂ ಮಾತ್ರ ಇಳಿಯಲಿಲ್ಲ. ಎಂಟು, ಒಂಬತ್ತು, ಮತ್ತೆ ಒಂಬತ್ತು. ಮಳೆಗಾಲದ ಹೊಟ್ಟೆ ಎಂದಳು ದೊಡ್ಡಮ್ಮ, ಸಬ್ಬಸಿಗೆ ನೀರು ಕುಡಿಸಿದಳು. ನಮ್ಮ ಕರಾರು ಇದ್ದದ್ದು ಅಳುವಿನ ಬಗ್ಗೆ. ಊಟದ ಬಗ್ಗೆ ಯಾರೂ ಮಾತಾಡಿರಲಿಲ್ಲ, ನಾನೂ ಆ ಕಲಮಿನ ಕಡೆ ನೋಡಲಿಲ್ಲ.

ಆ ಭಾನುವಾರಗಳಲ್ಲಿ ನಾನು ಚಪ್ಪಲಿ ಮೆಟ್ಟುವಾಗ ಅವನು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಿದ್ದ. "ಅಕ್ಕ, ಇವತ್ತಾ?"

"ಏನು ಇವತ್ತು?"

ಅವನು ದೊಡ್ಡಮ್ಮನ ಕಡೆ ನೋಡುತ್ತಿದ್ದ. ಹಬ್ಬದ ಬಗ್ಗೆ ಕೇಳುತ್ತಿದ್ದಾನೆ ಎಂದುಕೊಂಡು, "ಇನ್ನೂ ಇದೆ ಕಣೋ" ಎಂದೆ. ಅವನು ತಲೆಯಾಡಿಸಿದ.

ಐದು ವಾರ, ಐದು ಸೊನ್ನೆ. ಅಜ್ಜಿ ಬಂದುಹೋದವರಿಗೆಲ್ಲ ಅದನ್ನೇ ಹೇಳಿದಳು. ಅಮ್ಮ ಕೇಳುವುದನ್ನೇ ನಿಲ್ಲಿಸಿದಳು. ನಾನು ಬಂದ ಕೂಡಲೇ ಪುಸ್ತಕವನ್ನು ಅವಳ ಮುಂದೆ ತೆರೆದಿಡುತ್ತಿದ್ದೆ, ಅವಳು ನೋಡಿ ಮುಚ್ಚುತ್ತಿದ್ದಳು. ಆಗಸ್ಟ್ ಎರಡನೇ ವಾರ ದೊಡ್ಡಪ್ಪ ನಮ್ಮ ಮನೆಗೆ ಬಂದು, ತಮಾಷೆಗೆ ಎಂದದ್ದನ್ನು ನಿಜವಾಗಿಯೇ ಮಾಡಿದರು. ಪುಸ್ತಕ ತರಿಸಿಕೊಂಡು ಕನ್ನಡಕ ಹಾಕಿ ಸೊನ್ನೆಗಳ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಬಂದರು. ಅವರ ಕಣ್ಣು ತುಂಬಿತ್ತು.

"ನಿನ್ನ ಒಪ್ಪಿಗೆ ಇದೆಯೇನಮ್ಮ?" ಎಂದು ಅಮ್ಮನನ್ನು ಕೇಳಿದರು.

"ಪುಸ್ತಕ ಹೇಳ್ತಿದೆಯಲ್ಲ" ಎಂದಳು ಅಮ್ಮ.

ಆಗಸ್ಟ್ ಹದಿನಾರು, ಭಾನುವಾರ, ಜಯನಗರದ ಮನೆಯಲ್ಲಿ ದತ್ತು ಹೋಮ. ದೊಡ್ಡಪ್ಪ ಅಪ್ಪನ ಮುಂದೆ ನಿಂತು ಮಗನನ್ನು ಕೊಡು ಎಂದು ಕೇಳಬೇಕು, ಅಪ್ಪ ಕೊಟ್ಟೆ ಎನ್ನಬೇಕು. ಅಪ್ಪ ಹೇಳಿದರು. ದೊಡ್ಡಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಯನ್ನು ಮೂಸಿದರು. ದೊಡ್ಡವರೆಲ್ಲ ಅಲ್ಲಲ್ಲಿ ಕಣ್ಣೊರೆಸಿಕೊಂಡರು. ಅಮ್ಮ ಕಂಬ ಹಿಡಿದು ನಿಂತಿದ್ದಳು. ಅಳದೇ ಇದ್ದವನು ಅವನೊಬ್ಬನೇ. ಎಂಥ ಗಂಭೀರ ನೋಡಿ ಎಂದು ಪುರೋಹಿತರು ಕೆನ್ನೆ ತಟ್ಟಿದರು.

ಊಟವಾದ ಮೇಲೆ ಅಪ್ಪ ಅಮ್ಮನನ್ನು ಜಟಕಾದಲ್ಲಿ ಕೂರಿಸಿಕೊಂಡು ಮೊದಲು ಹೊರಟರು. ಪಾತ್ರೆ ಎತ್ತಿಟ್ಟು ನಾನು ಹಿಂದೆ ಬರುವುದಿತ್ತು. ಗೇಟಿನ ಹತ್ತಿರ ಹೋದರೆ ತಮ್ಮ ನಿಂತಿದ್ದ. ಹೋಮಕ್ಕೆ ಉಟ್ಟಿದ್ದ ರೇಷ್ಮೆ ಮಗುಟದ ಮೇಲೆ ಅಂಗಿ ಹಾಕಿಕೊಂಡಿದ್ದ. ಕಾಲಿಗೆ ಚಪ್ಪಲಿ, ಕೈಯಲ್ಲಿ ಅವನು ಬರುವಾಗ ತಂದಿದ್ದ ಬಟ್ಟೆಯ ಚೀಲ.

"ಅಕ್ಕ, ನಾನು ಒಂದ್ಸಲಾನೂ ಅಳ್ಲಿಲ್ಲ" ಎಂದ. "ಹೋಗೋಣ?"

ಜೂನ್ ಇಪ್ಪತ್ತೆಂಟರಂದು ನಾನು ಅವನ ಕಿವಿಯಲ್ಲಿ ಹೇಳಿದ್ದು ಆಗ ನೆನಪಾಯಿತು.

ಒಳಗೆ ಹೋಗಿ ಹೇಳಬಹುದಾಗಿತ್ತು. ಪುರೋಹಿತರು ಇನ್ನೂ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಬಾಗಿಲಿಗೆ ಬಂದಳು, ಎರಡು ತಿಂಗಳಲ್ಲಿ ಮೊದಲ ಸಲ ಹೂ ಮುಡಿದಿದ್ದಳು. "ಎಲ್ಲಿಗಪ್ಪ ಹೊರಟಿದ್ದು ನನ್ನ ರಾಜ, ಚೀಲ ಹಿಡ್ಕೊಂಡು?" ಎಂದು ನಕ್ಕಳು. ನಾನು ತಮ್ಮನಿಗೆ, "ಈಗ ಇದೇ ಕಣೋ ನಿನ್ನ ಮನೆ" ಎಂದೆ. ಅವನು ನನ್ನನ್ನೇ ನೋಡಿದ. ಗಲ್ಲ ಒಂದು ಸಲ ನಡುಗಿತು, ಅದನ್ನೂ ಅವನು ನಿಲ್ಲಿಸಿಕೊಂಡ. ಆಮೇಲೆ ಚಪ್ಪಲಿ ಬಿಟ್ಟು, ಒಂದರ ಪಕ್ಕ ಒಂದು ಜೋಡಿಸಿಟ್ಟು, ಒಳಗೆ ಹೋದ.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಮ್ಮನಿಗೆ ಹೇಳಿದೆ. ಅವಳು ಹಿಂಡುತ್ತಿದ್ದ ಪಂಚೆಯನ್ನು ಹಾಗೇ ಹಿಡಿದುಕೊಂಡು ಕೇಳಿದಳು. "ನಿನ್ನೆಗೆ ಎಷ್ಟು ದಿನ ಆಗಿತ್ತು, ನೀನು ಹೇಳಿ?"

"ನಲವತ್ತೊಂಬತ್ತು."

"ನನ್ನ ಕೈಲಿ ಅಳದೆ ಒಂದು ದಿನ ಇರೋಕಾಗ್ಲಿಲ್ಲ" ಎಂದಳು. ಪಂಚೆ ಕೊಡವಿ ಹಗ್ಗಕ್ಕೆ ಹಾಕಿದಳು. "ಅವರ್ಯಾರಿಗೂ ಹೇಳಬೇಡ. ಕೊಟ್ಟಿದ್ದಾಗಿದೆ. ನಿನ್ನ ದೊಡ್ಡಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ."

ನಾನು ಯಾರಿಗೂ ಹೇಳಲಿಲ್ಲ.

ಈಗ ನನಗೆ ಇಪ್ಪತ್ತೊಂದು. ಈ ಆರು ವರ್ಷದಲ್ಲಿ ಅವನು ಜಯನಗರದ ಮನೆಯ ಮಗನೇ ಆದ. ಅದು ನಟನೆಯಲ್ಲ, ನಾನು ನೋಡಿದ್ದೇನೆ. ದೊಡ್ಡಪ್ಪ ಆಫೀಸಿನಿಂದ ಬರುವ ಹೊತ್ತಿಗೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದ. ದೊಡ್ಡಮ್ಮನಿಗೆ ತಲೆನೋವು ಬಂದರೆ ರೇಡಿಯೋ ತಾನಾಗಿ ಆರಿಸುತ್ತಿದ್ದ. ಅಜ್ಜಿಯ ಪಾಠದಿಂದ ಶುರುವಾದದ್ದು ನಿಜ. ಕಲಿತದ್ದೆಂಬ ಕಾರಣಕ್ಕೆ ಅದನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಕಲಿಸಿದ್ದೂ ಹಾಗೆಯೇ ಉಳಿದುಕೊಂಡಿತು. ನಾಲ್ಕನೇ ಕ್ಲಾಸಿನಲ್ಲಿ ಗಲ್ಲ ಒಡೆದು ಮೂರು ಹೊಲಿಗೆ ಹಾಕಿದಾಗಲೂ ಅವನು ಅಳಲಿಲ್ಲ. "ಈ ಹುಡುಗ ಅಳೋದೇ ಇಲ್ಲ ಕಣೇ" ಎಂದು ದೊಡ್ಡಮ್ಮ ಹೇಳಿದಳು, ಮೊದಲು ಹೆಮ್ಮೆಯಿಂದ, ವರ್ಷ ಕಳೆದ ಹಾಗೆ ಸ್ವಲ್ಪ ಭಯದಿಂದ.

ಈ ವರ್ಷ ಫೆಬ್ರವರಿಯಲ್ಲಿ ದೊಡ್ಡಪ್ಪ ತೀರಿಕೊಂಡರು, ಎದೆನೋವು, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ. ನಾವು ಹೋದಾಗ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ತಮ್ಮ ಒದ್ದೆ ಪಂಚೆ ಉಟ್ಟು ತಲೆಯ ಹತ್ತಿರ ನಿಂತಿದ್ದ. ಮಗನಾಗಿ ಅವನು ಹಿಡಿಯಬೇಕಾದ ಬೆಂಕಿಯ ಮಡಕೆಯನ್ನು ಇನ್ನೂ ಕೊಟ್ಟಿರಲಿಲ್ಲ, ಹನ್ನೊಂದು ವರ್ಷದ ಕೈಗೆ ಅದು ದೊಡ್ಡದು. ಅವನ ಕಣ್ಣು ಒಣಗಿತ್ತು.

ಹಿಂದೆ ಕೂತಿದ್ದ ನೆಂಟರ ಹೆಂಗಸೊಬ್ಬಳು ಎಲ್ಲರಿಗೂ ಕೇಳುವ ಹಾಗೆಯೇ ಅಂದಳು. "ಹೆತ್ತ ಅಪ್ಪ ಆಗಿದ್ರೆ ಹೀಗೆ ಕಂಬದ ಥರ ನಿಂತಿರ್ತಿದ್ನೇ?"

"ಎಷ್ಟಾದ್ರೂ ತಂದು ಸಾಕಿದ್ದಲ್ವೇ" ಎಂದಳು ಪಕ್ಕದವಳು.

ದೊಡ್ಡಮ್ಮನಿಗೆ ಅದು ಕೇಳಿಸಿತು. ಅವಳು ಕೂತಲ್ಲಿಂದಲೇ ಅವನ ಪಂಚೆಯ ಅಂಚು ಹಿಡಿದು ಬೇಡಿಕೊಂಡಳು. "ಒಂದು ಹನಿ ಹಾಕೋ ಕಂದ. ಅಪ್ಪನಿಗೆ ಒಂದೇ ಒಂದು ಹನಿ." ಅವನು ಅವಳ ಮಾತು ಮೀರುವವನಲ್ಲ. ಪ್ರಯತ್ನಪಟ್ಟ. ಬಾಯಿ ಸೊಟ್ಟಗೆ ಮಾಡಿದ, ಕಣ್ಣು ಬಿಗಿಯಾಗಿ ಮುಚ್ಚಿದ. ಬೇರೆಯವರು ಅಳುವುದನ್ನು ನೋಡಿ ಮಾಡಿದ ಹಾಗಿತ್ತು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ನಾನು ಅವನ ಕೈ ಹಿಡಿದು ಹಿತ್ತಲ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಕೈ ಐಸಿನ ಹಾಗಿತ್ತು.

"ಇಲ್ಲಿ ಯಾರೂ ಇಲ್ಲ. ಅಳು" ಎಂದೆ.

"ಬರ್ತಿಲ್ಲ ಅಕ್ಕ."

"ನಾನೇ ಕಣೋ ಕಲಿಸಿದ್ದು" ಎಂದು ಎಲ್ಲವನ್ನೂ ಹೇಳಿದೆ. ಕಿವಿಯಲ್ಲಿ ಹೇಳಿದ್ದು, ಸೊನ್ನೆಗಳು, ಗೇಟು, ಚೀಲ. ಅವನು ನನ್ನ ಬಾಯನ್ನೇ ನೋಡುತ್ತ ಕೇಳಿದ, ಯಾರದೋ ಮನೆಯ ಹುಡುಗನ ವಿಷಯ ಕೇಳುವ ಹಾಗೆ.

"ನಂಗೆ ನೆನಪಿಲ್ಲ" ಎಂದ. ಅದನ್ನೂ ಸಮಾಧಾನದ ದನಿಯಲ್ಲಿ ಹೇಳಿದ, ನನಗೆ ಬೇಜಾರಾಗಬಾರದೆಂದು. ಆಮೇಲೆ ಕೈ ಬಿಡಿಸಿಕೊಂಡ.

"ನಾನು ಹೋಗ್ಬೇಕು ಅಕ್ಕ. ಅಪ್ಪ ಒಬ್ಬರೇ ಇದಾರೆ."

ಅಂಗಳದಲ್ಲಿ ಆಗ ಅರವತ್ತಕ್ಕೂ ಹೆಚ್ಚು ಜನ ಇದ್ದರು.