ಬಿಸಿನೀರಕ್ಕನ ಕೈ

ಅವರನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ. ನರ್ಸಿಂಗ್ ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ವಾರ್ಡಿಗೆ ಹೊದಿಕೆ ಸಾಲದೆ ಕೇಳಲು ಹೋಗಿದ್ದೆ. ಬಾಗಿಲು ತಳ್ಳಿದೊಡನೆ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡಿದರೆ, ತೊಟ್ಟಿಯ ಪಕ್ಕ ಗಿಡ್ಡ ಹೆಂಗಸೊಬ್ಬರು ನಿಂತಿದ್ದರು. ಕೈ ಮೊಣಕೈವರೆಗೂ ಕೆಂಪು, ಬೆರಳುಗಳ ತುಂಬ ಬಿರುಕು.

"ಹೊಸ ಸಿಸ್ಟರಾ? ಯೂನಿಫಾರಂ ಇನ್ನೂ ಫಳಫಳ ಅಂತಿದೆ. ನಾಲ್ಕು ಒಗೆತ ಆಗ್ಲಿ ತಾಯಿ, ನೀನೂ ನಮ್ಮ ಬಣ್ಣಕ್ಕೆ ಬರ್ತೀಯ."

ಅಲ್ಲೇ ಹೊದಿಕೆ ಮಡಿಸುತ್ತಿದ್ದ ಇನ್ನೊಬ್ಬಾಕೆ ನಕ್ಕಳು. "ನಮ್ಮ ಬಿಸಿನೀರಕ್ಕನ ಕೈಗೆ ಸಿಕ್ರೆ ಕಾಗೆನೂ ಬೆಳ್ಳಗಾಗುತ್ತೆ!"

ಕುದಿಯುವ ನೀರು, ಕಟುವಾದ ಸೋಪು, ಗಟ್ಟಿ ಬ್ರಷ್ಷು. ಇಷ್ಟಿದ್ದರೆ ಹೋಗದ ಕೊಳೆಯಿಲ್ಲ ಎಂಬುದು ಅಕ್ಕನ ನಂಬಿಕೆ. ಆ ನಂಬಿಕೆಯಲ್ಲೇ ಅವರು ಅಷ್ಟು ವರ್ಷ ದುಡಿದಿದ್ದರು.

ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಗಂಡ ನಮ್ಮ ವಾರ್ಡಿಗೆ ಬಂದರು. ಟೈಲರ್; ಸಕ್ಕರೆ ಕಾಯಿಲೆ ಹಳೆಯದು, ಪಾದಗಳಿಗೆ ಬಿಸಿ ತಂಪು ತಿಳಿಯುತ್ತಿರಲಿಲ್ಲ. ಎಡಗಾಲಿನ ಚರ್ಮ ಒಣಗಿ ಹೊಟ್ಟೇಳುತ್ತಿತ್ತು. ಬಲಗಾಲು ಹಿಮ್ಮಡಿ ಒಡೆದು, ಮೊಣಕಾಲಿನವರೆಗೆ ಊದಿಕೊಂಡಿತ್ತು.

"ಕಾಲೆಲ್ಲ ಬೂದಿ ಬಳಿದ ಹಾಗೆ ಇತ್ತು ಸಿಸ್ಟರ್, ಕೊಳೆ ಅಂದ್ಕೊಂಡೆ," ಎಂದರು ಅಕ್ಕ. "ದಿನಾ ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಬರ್ತಾನೇ ಇತ್ತು. ನಾನೂ ಬಿಡ್ಲಿಲ್ಲ."

"ನನ್ನನ್ನೂ ಬೆಡ್‌ಶೀಟ್ ಅಂದ್ಕೊಂಡಿದ್ದಾಳೆ," ಎಂದರು ಟೈಲರ್. "ಹಿಂಡಿ ತಂತಿ ಮೇಲೆ ಹಾಕೋದೊಂದು ಬಾಕಿ."

ಅದು ಕೊಳೆಯಲ್ಲ, ಒಣಚರ್ಮ ಎಂದು ನಾನು ಹೇಳಲೇಬೇಕಾಯಿತು. ಸುಡುನೀರು, ಸೋಪು ಎರಡೂ ಚರ್ಮದ ಎಣ್ಣೆಯಂಶವನ್ನು ತೊಳೆದುಬಿಡುತ್ತವೆ. ಅದು ಹೋದರೆ ಚರ್ಮದಲ್ಲಿ ತೇವ ನಿಲ್ಲದೆ ಬಿರುಕು ಬಿಡುತ್ತದೆ. ಬಿರುಕಿನಿಂದಲೇ ನಂಜು ಒಳಹೊಕ್ಕಿದೆ. ಕೊನೆಯ ಮಾತನ್ನು ಮೆಲ್ಲಗೆ ಹೇಳಿದೆ. ಆದರೂ ಕೇಳಿಸಿತು. ಅಕ್ಕ ತಮ್ಮ ಕೈಗಳನ್ನೇ ನೋಡಿಕೊಂಡರು.

"ಹಾಗಾದ್ರೆ ನಾನೇ..."

"ಬಾಯ್ಮುಚ್ಚೇ," ಎಂದು ಟೈಲರ್ ತಡೆದರು. "ನಾನೂ ಮಹಾರಾಜನ ಹಾಗೆ ಕಾಲು ಚಾಚ್ಕೊಂಡು ಉಜ್ಜಿಸ್ಕೊಂಡಿಲ್ವಾ?"

ಬಲಗಾಲನ್ನು ಡಾಕ್ಟರು ನೋಡಿಕೊಂಡರು. ಎಡಗಾಲನ್ನಾದರೂ ಉಳಿಸಿಕೊಡುತ್ತೇನೆಂದು ಅಕ್ಕ ಪಟ್ಟು ಹಿಡಿದರು. ನಾನು ಹೇಳಿಕೊಟ್ಟದ್ದನ್ನೆಲ್ಲ ಕಲಿತರು. ಉಗುರುಬೆಚ್ಚಗಿನ ನೀರು ಸಾಕು, ಅದನ್ನೂ ಮೊಣಕೈ ಅದ್ದಿ ನೋಡಬೇಕು. ಉಜ್ಜದೆ ಬಟ್ಟೆಯನ್ನು ಮೆತ್ತಗೆ ಒತ್ತಿ ಒರೆಸಬೇಕು. ಚರ್ಮದಲ್ಲಿ ತುಸು ತೇವ ಇರುವಾಗಲೇ ಮುಲಾಮು ಹಚ್ಚಬೇಕು. ಬೆರಳ ಸಂದಿಗೆ ಮಾತ್ರ ಬೇಡ. ತಮ್ಮ ಒರಟು ಬೆರಳು ತಾಗೀತೆಂದು ಅಕ್ಕ ಹಸ್ತದ ಹಿಂಭಾಗದಿಂದ ಮುಲಾಮು ಸವರುತ್ತಿದ್ದರು.

ಕೆಲವೇ ವಾರಗಳಲ್ಲಿ ಎಡಗಾಲು ನುಣುಪಾಯಿತು. "ನೋಡಿ ಸಿಸ್ಟರ್, ಈ ಕಡೆ ಮದುವೆ ಗಂಡು, ಆ ಕಡೆ ಮುದುಕ," ಎಂದು ಟೈಲರ್ ಎಲ್ಲರಿಗೂ ತೋರಿಸುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಅವರ ಕಣ್ಣು ಬ್ಯಾಂಡೇಜಿನ ಮೇಲೇ ಇರುತ್ತಿತ್ತು.

ಬಲಗಾಲಿನ ನಂಜು ರಕ್ತಕ್ಕೆ ಸೇರಿತು. ಕಾಲು ತೆಗೆಯುವುದೆಂದು ಡಾಕ್ಟರು ನಿರ್ಧರಿಸಿದ ಮರುದಿನ ಬೆಳಿಗ್ಗೆಯೇ ಟೈಲರ್ ತೀರಿಕೊಂಡರು.

ಮೈ ತೊಳೆಯಲು ನಾನು ನೀರು ತಂದಿಟ್ಟೆ. ಅಕ್ಕ ಮೊಣಕೈ ಅದ್ದಿದರು.

"ಬಿಸಿ ಜಾಸ್ತಿಯಾಯ್ತು. ಸ್ವಲ್ಪ ತಣ್ಣೀರು ಬೆರೆಸಮ್ಮ."

ಬೆರೆಸಿದೆ. ತೊಳೆದು, ಒತ್ತಿ ಒರೆಸಿ, ಮುಲಾಮಿನ ಡಬ್ಬಿ ತೆರೆದರು. ಸುದ್ದಿ ತಿಳಿದು ಬಂದಿದ್ದ ಹೊದಿಕೆ ಮಡಿಸುವಾಕೆ ಅಳುತ್ತ ಅವರ ಕೈ ಹಿಡಿದಳು. "ಇನ್ಯಾಕಕ್ಕ ಇದೆಲ್ಲ?"

"ಒಣಗುತ್ತಲ್ಲ," ಎಂದು ಎರಡೂ ಕಾಲಿಗೆ ಹಚ್ಚಿದರು.

ಅಕ್ಕ ಈಗಲೂ ಅದೇ ಕೋಣೆಯಲ್ಲಿ ಹೊದಿಕೆ ಒಗೆಯುತ್ತಾರೆ. ಕೆಲಸ ಮುಗಿದ ಮೇಲೆ ವಾರ್ಡಿಗೆ ಬಂದು ಕಾಲು ಒಡೆದ ರೋಗಿಗಳಿಗೆ ಮುಲಾಮು ಹಚ್ಚುತ್ತಾರೆ. ತಮ್ಮ ಕೈಗೆ ಮಾತ್ರ ಹಚ್ಚಿಕೊಳ್ಳುವುದಿಲ್ಲ.